ಪರದೇಶದ ಮಾಂಸದಂಗಡಿಯಲ್ಲಿ ನಮ್ಮ ಅಡಿಗೆಯ ತುಂಡು

ಊರು ಬಿಟ್ಟು ದೂರದೇಶದಲ್ಲಿ ಸಂಸಾರ ಹೂಡಿದವರಿಗೆ ಮೊದಲು ತೋರುವ ಕೊರತೆ ಭಾಷೆಯದೆಂದು ನಾವು ಸಾಮಾನ್ಯವಾಗಿ ಎಣಿಸುವುದುಂಟು. ಅನುಭವಿಗಳ ಮಾತು ಬೇರೆ. ಭಾಷೆಯನ್ನು ಆರು ತಿಂಗಳಲ್ಲಿ ಕಲಿಯಬಹುದು. ಕಣ್ಣೆದುರಿಗೇ ಇರುವ ಪದಾರ್ಥವು ನಮ್ಮ ಮನೆಯ ಯಾವ ಪದಾರ್ಥವೆಂದು ಗುರುತಿಸುವುದಕ್ಕೆ ಆರು ವರುಷಗಳಾದರೂ ಸಾಲದೆ ಹೋಗುವುದುಂಟು. ಬೇಳೆಕಾಳುಗಳ ವಿಷಯದಲ್ಲಿ ಈ ತೊಡಕು ಈಗ ಬಹುಮಟ್ಟಿಗೆ ನಿವಾರಣೆಯಾಗಿದೆ. ಪರದೇಶದ ದೊಡ್ಡ ಪಟ್ಟಣಗಳಲ್ಲಿ ಭಾರತೀಯರ ಅಂಗಡಿಗಳಿವೆ. ತೊಗರಿಬೇಳೆಯೂ ರಾಗಿಹಿಟ್ಟೂ ಅಲ್ಲಿ ದೊರೆಯುವುವು. ಮಾಂಸದ ವಿಷಯದಲ್ಲಿ ಮಾತ್ರ ಕಷ್ಟವು ಹಾಗೆಯೇ ಉಳಿದಿದೆ. ಮಾಂಸವು ಆಯಾ ದೇಶದ್ದೇ. ಅದನ್ನು ಕೊಯ್ಯುವ ಕ್ರಮವೂ ಆಯಾ ದೇಶದ್ದೇ. ಹೆಸರುಗಳಂತೂ ಒಂದು ಊರಿನವು ಇನ್ನೊಂದು ಊರಿಗೆ ಸಲ್ಲುವುದಿಲ್ಲ. ಈ ತಿಂಗಳು ಇದರ ವಿಚಾರವಾಗಿ ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇವೆ. ಶಾಕಾಹಾರಿಗಳಾದ ವಾಚಕರು ನಮ್ಮನ್ನು ಮನ್ನಿಸಿ ಮುಂದಿನ ಪುಟಕ್ಕೆ ದಯಮಾಡಿಸಬಹುದು.

ಬಸವೇಶ್ವರನಗರದ ಸೋದರಿಯೊಬ್ಬರು ನಮಗೆ ಬರೆದಿದ್ದಾರೆ. ಅವರ ಮಗಳು ಮದುವೆಯಾಗಿ ಮೆಲ್ಬೋರ್ನಿಗೆ ಹೋಗಿ ಒಂದು ವರುಷವಾಯಿತು. ಹೊಸತೊಡಕಿನ ದಿನ ಮುದ್ದೆಯ ಜೊತೆಗೆ ಮಾಂಸದ ಸಾರು ಮಾಡಬೇಕೆಂದು ಆ ಹುಡುಗಿ ಅಂಗಡಿಗೆ ಹೋಗಿ, ನೋಡುವುದಕ್ಕೆ ಬಹು ಚೆನ್ನಾಗಿದ್ದ, ಮೂಳೆಯಿಲ್ಲದ, ಬೆಲೆಯೂ ಹೆಚ್ಚಾಗಿದ್ದ ತುಂಡುಗಳನ್ನು ತಂದಳಂತೆ. ತಾಯಿ ಹೇಳಿದ ಮಸಾಲೆಯನ್ನೇ ಅರೆದಳು. ತಾಯಿ ಹೇಳಿದಷ್ಟು ಹೊತ್ತೇ ಬೇಯಿಸಿದಳು. ಸಾರು ನೀರಾಯಿತು, ಮಾಂಸ ತೆಂಗಿನ ನಾರಾಯಿತು. ಹೀಗೆ ಮೂರು ಸಲ ಆದಮೇಲೆ, ‘ನನ್ನ ಕೈರುಚಿ ಹೋಯಿತಮ್ಮ’ ಎಂದು ಕಣ್ಣೀರಿಟ್ಟು, ಮಾಂಸದ ಅಡಿಗೆಯನ್ನೇ ಬಿಟ್ಟಿದ್ದಾಳಂತೆ. ಯಾವ ತುಂಡನ್ನು ಕೇಳಿ ಕೊಳ್ಳಬೇಕೆಂದು ಅವಳು ದೂರವಾಣಿಯಲ್ಲಿ ವಿಚಾರಿಸಿದರೆ ತಾಯಿಗೂ ಉತ್ತರ ತಿಳಿಯದು. ‘ಮೂವತ್ತು ವರುಷ ಅಡಿಗೆ ಮಾಡಿದ್ದೇನೆ, ತುಂಡಿಗೆ ಹೆಸರುಂಟೆಂಬುದೇ ನನಗೆ ಗೊತ್ತಿರಲಿಲ್ಲ’ ಎಂದು ಅವರು ಬರೆದಿದ್ದಾರೆ.

ಮಗಳ ಕೈಯಲ್ಲಿ ದೋಷವಿಲ್ಲ, ತಾಯಿಯ ತಿಳಿವಳಿಕೆಯಲ್ಲಿಯೂ ದೋಷವಿಲ್ಲ. ಇದಕ್ಕೆ ಕಾರಣವು ನಮ್ಮ ಹಂಚಿಕೆಯ ಪದ್ಧತಿಯಲ್ಲಿದೆ. ಕೆಂಗೇರಿಯಿಂದಾಚೆಗೆ ರಾಮನಗರ, ಮಾಗಡಿ ಕಡೆಯ ಹಳ್ಳಿಗಳಲ್ಲಿ ಯುಗಾದಿಯ ಮರುದಿನ, ಎಂದರೆ ಹೊಸತೊಡಕಿನಂದು, ಹತ್ತಾರು ಮನೆಯವರು ಕೂಡಿ ಕುರಿಯನ್ನೋ ಮೇಕೆಯನ್ನೋ ಕೊಂಡು, ಕೊಯ್ದು, ಗುಡ್ಡೆ ಹಾಕುವುದು ರೂಢಿ. ಒಂದೊಂದು ಗುಡ್ಡೆಗೂ ತೊಡೆಯದೊಂದಿಷ್ಟು, ಹೆಗಲಿನದೊಂದಿಷ್ಟು, ಕತ್ತಿನದು, ಪಕ್ಕೆಯದು, ಈಲಿಯ ಒಂದು ಚೂರು, ಕೊಬ್ಬಿನ ಒಂದು ತುಣುಕು, ಹೀಗೆ ಎಲ್ಲ ಅಂಗಗಳ ಪಾಲೂ ಬೀಳಬೇಕು. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಮೆಯಿಲ್ಲ. ಇದು ನ್ಯಾಯದ ಹಂಚಿಕೆ. ಪಟ್ಟಣದ ಅಂಗಡಿಯೂ ಈ ನ್ಯಾಯವನ್ನೇ ಅನುಸರಿಸಿತು. ಹೊಸತೊಡಕಿನ ಬೆಳಗಿನ ಜಾವದಲ್ಲಿ ಮೈಸೂರು ರಸ್ತೆಯ ಅಂಗಡಿಗಳ ಮುಂದೆ ಸಾಲುಗಟ್ಟಿ ನಿಲ್ಲುವ ಜನರಲ್ಲಿ ಹೆಚ್ಚಿನವರು ಕೇಳುವುದು ‘ಎರಡು ಕಿಲೋ ಮಟನ್’ ಎಂದಷ್ಟೇ. ಕತ್ತರಿಸುವವನು ಅಲ್ಲಿಂದೊಂದು ಇಲ್ಲಿಂದೊಂದು ತುಂಡನ್ನು ಹಾಕಿ ತೂಗುತ್ತಾನೆ. ಈಚೆಗೆ ರಾಜಾಜಿನಗರ ವಿಜಯನಗರಗಳ ಮನೆಬಾಗಿಲಿಗೆ ಬರುವ ಪೊಟ್ಟಣಗಳ ಮೇಲಿನ ‘ಕರಿ ಕಟ್’ ಎಂಬ ಹೆಸರೂ ಬಹುಮಟ್ಟಿಗೆ ಹಳೆಯ ಗುಡ್ಡೆಯ ಹೊಸ ಹೆಸರೇ. ಅಂಗಡಿಗೆ ಹೋಗುತ್ತಿದ್ದವರು ಗಂಡಸರು, ಬೇಯಿಸುತ್ತಿದ್ದವರು ಹೆಂಗಸರು. ಆದುದರಿಂದ ಕತ್ತಿಯ ತಿಳಿವಳಿಕೆ ಒಬ್ಬರಲ್ಲಿಯೂ ಒಲೆಯ ತಿಳಿವಳಿಕೆ ಇನ್ನೊಬ್ಬರಲ್ಲಿಯೂ ಉಳಿಯಿತು. ಎಲ್ಲ ತುಂಡೂ ಒಂದೇ ಪಾತ್ರೆಗೆ ಬೀಳುವಾಗ ಹೆಸರಿನ ಅವಶ್ಯಕತೆಯೇ ಇರಲಿಲ್ಲ.

ಪಾಶ್ಚಾತ್ಯ ದೇಶಗಳ ಕ್ರಮವು ಇದಕ್ಕೆ ವಿರುದ್ಧವಾದುದು. ಅಲ್ಲಿ ಪ್ರಾಣಿಯನ್ನು ಅಂಗಾಂಗವಾಗಿ ಬಿಡಿಸಿ, ಒಂದೊಂದು ಅಂಗಕ್ಕೂ ಒಂದೊಂದು ಹೆಸರನ್ನೂ ಬೇರೆ ಬೇರೆ ಬೆಲೆಯನ್ನೂ ಕಟ್ಟಿ ಮಾರುವರು. ಬೇಗ ಸುಟ್ಟು ಅಥವಾ ಹುರಿದು ತಿನ್ನುವುದಕ್ಕೆ ಒದಗುವ ಮೃದುವಾದ ಭಾಗಕ್ಕೆ ಬೆಲೆ ಹೆಚ್ಚು. ಬಹಳ ಹೊತ್ತು ಬೇಯಬೇಕಾದ ಗಟ್ಟಿಯಾದ ಭಾಗಕ್ಕೆ ಬೆಲೆ ಕಡಮೆ. ನಮ್ಮ ಸಾರಿಗೆ ಬೇಕಾದುದು ಈ ಎರಡನೆಯ ಬಗೆ. ಹೆಚ್ಚು ಬೆಲೆಯದೇ ಒಳ್ಳೆಯದೆಂದು ನಂಬಿ ಮೊದಲನೆಯದನ್ನು ತಂದವರಿಗೆ ಮೆಲ್ಬೋರ್ನಿನ ಹುಡುಗಿಗಾದ ಗತಿಯೇ ಆಗುವುದು.

ಇದರ ಕಾರಣವನ್ನು ತಿಳಿದುಕೊಂಡರೆ ಯಾವ ದೇಶದಲ್ಲಿಯೂ ಮೋಸಹೋಗಬೇಕಾದುದಿಲ್ಲ. ಪ್ರಾಣಿಯು ನಡೆಯುವಾಗ, ನಿಲ್ಲುವಾಗ, ಕತ್ತು ಬಗ್ಗಿಸಿ ಮೇಯುವಾಗ ಯಾವ ಸ್ನಾಯುಗಳು ಹೆಚ್ಚಾಗಿ ದುಡಿಯುತ್ತವೆಯೋ ಅವುಗಳಲ್ಲಿ ಬಂಧಕ ನಾರು ಹೆಚ್ಚು. ಕತ್ತು, ಹೆಗಲು, ಎದೆ, ಮೊಣಕಾಲಿನ ಕೆಳಗಿನ ನಳಿ ಇವು ಈ ಜಾತಿಗೆ ಸೇರಿದುವು. ಆ ನಾರಿನಲ್ಲಿರುವ ಕೊಲಾಜನ್ ಎಂಬ ದ್ರವ್ಯವು 70 ಡಿಗ್ರಿ ಸೆಲ್ಸಿಯಸಿಗೆ ಮೇಲ್ಪಟ್ಟ ಕಾವಿನಲ್ಲಿ ನೀರಿನೊಡನೆ ಬಹಳ ಹೊತ್ತು ಬೆಂದರೆ ಕರಗಿ ಜೆಲಟಿನ್ ಆಗುವುದು. ಸಾರಿಗೆ ಮೈ ಬರುವುದೂ, ಬೆರಳಿಗೆ ಅಂಟುವುದೂ, ತುಂಡು ಮೆತ್ತಗಾಗುವುದೂ ಇದರಿಂದಲೇ. ಬೆನ್ನಿನ ಮತ್ತು ಸೊಂಟದ ಸ್ನಾಯುಗಳಾದರೋ ಹೆಚ್ಚು ದುಡಿಯವು. ಅವುಗಳಲ್ಲಿ ಕರಗತಕ್ಕ ನಾರು ಅಲ್ಪ. ಅವನ್ನು ಗಂಟೆಗಟ್ಟಲೆ ಬೇಯಿಸಿದರೆ ಒಳಗಿನ ರಸವೆಲ್ಲ ಹೊರಬಿದ್ದು ಒಣನಾರು ಮಾತ್ರ ಉಳಿಯುವುದು. ಆದುದರಿಂದ ನಾವು ಹೇಳುವ ಸೂತ್ರವಿಷ್ಟೇ: ಹೆಸರನ್ನು ನಂಬಬೇಡಿರಿ, ಅದು ಪ್ರಾಣಿಯ ಮೈಯಲ್ಲಿ ಎಲ್ಲಿತ್ತು, ಏನು ಕೆಲಸ ಮಾಡುತ್ತಿತ್ತು ಎಂಬುದನ್ನು ಕೇಳಿರಿ. ಹೆಸರು ದೇಶಕ್ಕೊಂದು, ಕುರಿಯ ಹೆಗಲು ಎಲ್ಲ ದೇಶದಲ್ಲಿಯೂ ಒಂದೇ ಕಡೆ ಇರುವುದು.

ಮೊದಲು ಪ್ರಾಣಿಯ ಹೆಸರಿನಲ್ಲಿಯೇ ಇರುವ ಗೊಂದಲವನ್ನು ನೋಡೋಣ. ನಮ್ಮ ಬೆಂಗಳೂರಿನಲ್ಲಿ ‘ಮಟನ್’ ಎಂದರೆ ಕುರಿಯೂ ಆಗಬಹುದು, ಮೇಕೆಯೂ ಆಗಬಹುದು. ಇಂಗ್ಲೆಂಡಿನಲ್ಲಿ ಆ ಮಾತು ಬೆಳೆದ ಕುರಿಗೆ ಮಾತ್ರ ಸಲ್ಲುವುದು. ಒಂದು ವರುಷದೊಳಗಿನ ಮರಿ ‘ಲ್ಯಾಂಬ್’, ಎರಡನೆಯ ವರುಷದ್ದು ‘ಹಾಗೆಟ್’, ಅದಕ್ಕೂ ಬಲಿತದ್ದು ‘ಮಟನ್’. ಆಸ್ಟ್ರೇಲಿಯಾದಲ್ಲಿ ವಯಸ್ಸಿನ ಜೊತೆಗೆ ಹಲ್ಲನ್ನೂ ನೋಡುವರು. ಕಾಯಂ ಬಾಚಿಹಲ್ಲು ಮೂಡುತ್ತಿದ್ದರೂ ಪೂರ್ತಿ ಬೆಳೆದು ಮೇಯುವ ಕೆಲಸಕ್ಕೆ ಬಾರದಿದ್ದರೆ ಅದನ್ನು ಲ್ಯಾಂಬ್ ಎಂದೇ ಮಾರಬಹುದೆಂದು 2019ರ ಜುಲೈಯಲ್ಲಿ ಅಲ್ಲಿಯ ನಿಯಮವನ್ನು ತಿದ್ದಿದರು. ಸಾಮಾನ್ಯವಾದ ದೊಡ್ಡ ಅಂಗಡಿಗಳಲ್ಲಿ ದೊರೆಯುವುದು ಲ್ಯಾಂಬ್. ಇದು ನಮ್ಮ ಮಾಂಸಕ್ಕಿಂತ ಎಳೆಯದು, ಬೇಗ ಬೇಯುವುದು, ಕೊಬ್ಬು ಹೆಚ್ಚು. ಕುರಿಯ ವಿಶಿಷ್ಟವಾದ ವಾಸನೆಯು ಬಹುಪಾಲು ಆ ಕೊಬ್ಬಿನಲ್ಲಿಯೇ ಇರುವುದರಿಂದ ಹೊರಗಿನ ದಪ್ಪ ಕೊಬ್ಬನ್ನು ತೆಗೆದುಹಾಕಿದರೆ ವಾಸನೆಯೂ ತಗ್ಗುವುದು. ಬನ್ನೂರು ಕುರಿಯ ರುಚಿಗೆ ಒಗ್ಗಿದವರು ಲ್ಯಾಂಬನ್ನು ಕಂಡು ಮೊದಮೊದಲು ಮೂಗು ಮುರಿಯುವುದಕ್ಕೆ ಇದೇ ಕಾರಣ.

ಮೇಕೆಯೇ ಬೇಕೆಂಬವರು ‘ಗೋಟ್’ ಎಂದು ಸ್ಪಷ್ಟವಾಗಿ ಕೇಳತಕ್ಕದ್ದು. ಮುಸಲ್ಮಾನರ ಹಲಾಲ್ ಅಂಗಡಿಗಳಲ್ಲಿಯೂ, ಇಂಗ್ಲೆಂಡಿನಲ್ಲಿ ವೆಸ್ಟ್ ಇಂಡೀಸ್ ಮೂಲದವರ ಅಂಗಡಿಗಳಲ್ಲಿಯೂ, ಅಮೆರಿಕಾದಲ್ಲಿ ಮೆಕ್ಸಿಕೋ ಮೂಲದವರ ಅಂಗಡಿಗಳಲ್ಲಿಯೂ ಅದು ದೊರೆಯುವುದುಂಟು. ಜಮೈಕಾದವರಿಗೆ ಮೇಕೆಯ ಕರಿ ಹಬ್ಬದ ಅಡಿಗೆ. ಅವರ ಅಂಗಡಿಯವನಿಗೆ ಮೂಳೆಸಹಿತ ಸಣ್ಣ ತುಂಡು ಬೇಕೆಂದರೆ ವಿವರಿಸಿ ಹೇಳಬೇಕಾದುದೇ ಇಲ್ಲ. ಗಡ್ಡೆ ಕಟ್ಟಿದ ಮಾಂಸವನ್ನು ಗರಗಸದಿಂದ ಕೊಯ್ದ ಪೊಟ್ಟಣಗಳಲ್ಲಿ ಮೂಳೆಯ ಪುಡಿ ಸೇರಿರುವುದು ಸಾಮಾನ್ಯ. ಅದನ್ನು ತಣ್ಣೀರಿನಲ್ಲಿ ಜಾಲಿಸಿ, ಒಂದೊಂದು ತುಂಡನ್ನೂ ಬೆರಳಾಡಿಸಿ ನೋಡಿ ಒಲೆಗೇರಿಸಬೇಕು. ಮಕ್ಕಳಿರುವ ಮನೆಯಲ್ಲಿ ಇದನ್ನು ಮರೆಯಕೂಡದು.

ಇನ್ನು ನಮ್ಮ ಸಾರಿನ ಗುಡ್ಡೆಯನ್ನು ಪರದೇಶದಲ್ಲಿ ಕಟ್ಟುವ ಬಗೆ. ಅಲ್ಲಿಯ ಯಾವ ಒಂದು ಪೊಟ್ಟಣವೂ ನಮ್ಮ ಗುಡ್ಡೆಗೆ ಸಮವಲ್ಲ. ಅದನ್ನು ನಾವೇ ಕೂಡಿಸಿಕೊಳ್ಳಬೇಕು. ಒಂದು ಕಿಲೋ ಸಾರಿಗೆ ಹೆಗಲಿನ ಮೂಳೆಸಹಿತ ಮಾಂಸ, ಎಂದರೆ ‘ಶೋಲ್ಡರ್’, ಅರ್ಧ ಕಿಲೋ. ಕತ್ತಿನ ಮಾಂಸ, ಎಂದರೆ ‘ನೆಕ್’, ಕಾಲು ಕಿಲೋ. ಎದೆ ಮತ್ತು ಪಕ್ಕೆಯ ಕೆಳಭಾಗ, ಎಂದರೆ ‘ಬ್ರೆಸ್ಟ್’, ಕಾಲು ಕಿಲೋ. ಇವುಗಳ ಮೇಲೆ ಈಲಿಯ ಎರಡು ಚೂರು. ಸಿಕ್ಕಿದರೆ ನಳಿಮೂಳೆ ಒಂದು, ಇದಕ್ಕೆ ‘ಶ್ಯಾಂಕ್’ ಎಂದು ಹೆಸರು. ಅಮೆರಿಕಾದಲ್ಲಿ ತೂಕವು ಪೌಂಡಿನ ಲೆಕ್ಕ. ಒಂದು ಪೌಂಡೆಂದರೆ ಸುಮಾರು 454 ಗ್ರಾಂ. ಅರ್ಧ ಕಿಲೋವಿಗೆ ಒಂದು ಪೌಂಡಿಗಿಂತ ತುಸು ಹೆಚ್ಚು ಕೇಳಿದರೆ ಸರಿಹೋಗುವುದು. ತೊಡೆಯ ಮಾಂಸ, ಎಂದರೆ ‘ಲೆಗ್’, ಕೆಟ್ಟದ್ದಲ್ಲ. ಆದರೆ ಮೂಳೆ ತೆಗೆದ ತೊಡೆಯೊಂದನ್ನೇ ಹಾಕಿದರೆ ಸಾರಿಗೆ ಸಾರವಿಲ್ಲ. ಅದನ್ನು ಪಲಾವಿಗೂ ಹುರಿದ ಪಲ್ಯಕ್ಕೂ ಇಟ್ಟುಕೊಳ್ಳುವುದು ಮೇಲು.

‘ಚಾಪ್ಸ್’ ಎಂಬ ಮಾತು ನಮ್ಮವರನ್ನು ಬಹಳವಾಗಿ ಮೋಸಗೊಳಿಸಿದೆ. ನಮ್ಮ ನಾಟಿ ಅಡಿಗೆಯ ಚಾಪ್ಸ್ ಪಕ್ಕೆಲುಬಿನ ತುಂಡು. ಪದರಪದರವಾದ ಮಾಂಸವೂ ಕೊಬ್ಬೂ ಕೂಡಿ ಮಸಾಲೆಯಲ್ಲಿ ನಿಧಾನವಾಗಿ ಬೇಯುವುದು. ಪರದೇಶದ ‘ಲಾಯ್ನ್ ಚಾಪ್’ ಸೊಂಟದ ಮೃದುವಾದ ಭಾಗ. ಕೆಂಡದ ಮೇಲೆ ಕೆಲವು ನಿಮಿಷ ಸುಡುವುದಕ್ಕೆ ಕೊಯ್ದದ್ದು. ಅದನ್ನು ಕುಕ್ಕರಿಗೆ ಹಾಕುವುದು ಹಣವನ್ನು ನೀರಿಗೆ ಹಾಕಿದಂತೆ. ನಮ್ಮ ಚಾಪ್ಸಿಗೆ ಅಲ್ಲಿಯ ಬ್ರೆಸ್ಟಿನ ಪಕ್ಕೆಲುಬನ್ನೇ ಅಡ್ಡಲಾಗಿ ಕತ್ತರಿಸಿ ಕೊಡೆಂದು ಕೇಳಬೇಕು. ಕೈಮಾ ಉಂಡೆಗೆ ಬೇಕಾದ ಕೊಚ್ಚಿದ ಮಾಂಸವು ಇಂಗ್ಲೆಂಡಿನಲ್ಲಿ ‘ಮಿನ್ಸ್’, ಅಮೆರಿಕಾದಲ್ಲಿ ‘ಗ್ರೌಂಡ್’. ತೀರ ಕೊಬ್ಬಿಲ್ಲದ್ದನ್ನು ಕೊಂಡರೆ ಉಂಡೆ ಗಡುಸಾಗುವುದು. ಅಂಗಡಿಯವನು ಕಣ್ಣೆದುರಿಗೆ ಹೆಗಲಿನ ಮಾಂಸವನ್ನೇ ಕೊಚ್ಚಿಕೊಟ್ಟರೆ ಅದಕ್ಕಿಂತ ಉತ್ತಮವಾದುದಿಲ್ಲ. ಬೋಟಿ ‘ಟ್ರೈಪ್’, ಕಾಲು ‘ಟ್ರಾಟರ್’. ಇವನ್ನು ಹಲಾಲ್ ಅಂಗಡಿಯಲ್ಲಿ ಮುಂಚಿತವಾಗಿ ತಿಳಿಸಿ ತರಿಸಿಕೊಳ್ಳುವುದು ಕ್ಷೇಮ.

ಇಂಗ್ಲಿಷಿನ ಹೊರಗೆ ಹೋದರೂ ನಮ್ಮ ಸೂತ್ರವು ಕೈಬಿಡದು. ಫ್ರಾನ್ಸಿನಲ್ಲಿ ತೊಡೆಗೆ ‘ಜಿಗೋ’, ಹೆಗಲಿಗೆ ‘ಎಪೋಲ್’, ಕತ್ತಿಗೆ ‘ಕೊಲಿಯೆ’, ಎದೆಗೆ ‘ಪ್ವಾತ್ರಿನ್’ ಎನ್ನುವರು. ನಳಿಯ ಭಾಗಕ್ಕೆ ‘ಸೂರಿ’, ಎಂದರೆ ಇಲಿ, ಎಂದು ಹೆಸರಿಟ್ಟಿದ್ದಾರೆ. ಇಲಿಯೆಂಬ ಹೆಸರನ್ನು ಕಂಡು ಹೌಹಾರುವವರು ತಮ್ಮ ಸಾರಿಗೆ ಅತ್ಯುತ್ತಮವಾದ ತುಂಡನ್ನು ಕಳೆದುಕೊಳ್ಳುವರು. ಜರ್ಮನಿಯಲ್ಲಿ ಹೆಗಲು ‘ಶುಲ್ಟರ್’, ತೊಡೆ ‘ಕೊಯ್ಲೆ’, ನಳಿ ‘ಹಾಕ್ಸೆ’. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಚೀಲದಲ್ಲಿಟ್ಟುಕೊಂಡರೆ ಭಾಷೆ ಬಾರದವರೂ ಮಾಂಸವನ್ನು ತರಬಹುದು.

ದನದ ಮಾಂಸವನ್ನು ತಿನ್ನುವ ನಮ್ಮ ನಾಡಿನ ಕುಟುಂಬಗಳಿಗೆ ಈ ಗೊಂದಲವು ಇನ್ನೂ ಹೆಚ್ಚಿನದು. 2021ರ ಜನವರಿಯಲ್ಲಿ ಜಾರಿಗೆ ಬಂದ 2020ರ ಜಾನುವಾರು ಸಂರಕ್ಷಣೆಯ ಕಾಯಿದೆಯಂತೆ ಕರ್ನಾಟಕದಲ್ಲಿ ಹಸು ಎತ್ತುಗಳ ವಧೆ ನಿಷಿದ್ಧ. 13 ವರುಷ ಮೀರಿದ ಎಮ್ಮೆ ಕೋಣಗಳಿಗೆ ಮಾತ್ರ ಅಧಿಕಾರಿಗಳ ಅನುಮತಿಯ ಮೇಲೆ ಅವಕಾಶವಿದೆ. ಹೀಗೆ ಎಮ್ಮೆಯ ಮಾಂಸಕ್ಕೆ ಒಗ್ಗಿದವರು ಪರದೇಶದ ‘ಬೀಫ್’ ಅಂಗಡಿಗೆ ಹೋದಾಗ ಪ್ರಾಣಿಯೂ ಬೇರೆ, ಹೆಸರೂ ಬೇರೆ. ಇದರ ಮೇಲೆ ಇಂಗ್ಲೆಂಡಿಗೂ ಅಮೆರಿಕಾಕ್ಕೂ ತಮ್ಮೊಳಗೇ ಒಮ್ಮತವಿಲ್ಲ. ಇಂಗ್ಲೆಂಡಿನ ‘ಸರ್ಲಾಯ್ನ್’ ಬೆನ್ನಿನ ಹಿಂಬದಿಯ ಮೃದುವಾದ ಭಾಗ. ಅಮೆರಿಕಾದವರು ಅದನ್ನು ‘ಶಾರ್ಟ್ ಲಾಯ್ನ್’ ಎಂದು ಕರೆದು, ‘ಸರ್ಲಾಯ್ನ್’ ಎಂಬ ಹೆಸರನ್ನು ಅದರ ಹಿಂದಿನ ಭಾಗಕ್ಕೆ ಕೊಡುವರು. ಆ ಭಾಗಕ್ಕೆ ಇಂಗ್ಲೆಂಡಿನಲ್ಲಿ ‘ರಂಪ್’ ಎಂದು ಹೆಸರು. ಇಂಗ್ಲೆಂಡಿನ ‘ಟಾಪ್‌ಸೈಡ್’ ಅಮೆರಿಕಾದ ‘ಟಾಪ್ ರೌಂಡ್’; ‘ಸಿಲ್ವರ್‌ಸೈಡ್’ ಅಲ್ಲಿಯ ‘ಬಾಟಂ ರೌಂಡ್’; ‘ಫಿಲೆಟ್’ ಅಲ್ಲಿಯ ‘ಟೆಂಡರ್‌ಲಾಯ್ನ್’. ‘ಲಂಡನ್ ಬ್ರಾಯ್ಲ್’ ಎಂದು ಅಮೆರಿಕಾದಲ್ಲಿ ಮಾರುವುದು ಯಾವ ಅಂಗವೂ ಅಲ್ಲ, ಅಡಿಗೆಯ ಒಂದು ವಿಧಾನದ ಹೆಸರು.

ಇವೆಲ್ಲವನ್ನೂ ಬಾಯಿಪಾಠ ಮಾಡಬೇಕೆಂದು ನಾವು ಹೇಳುವುದಿಲ್ಲ. ಮಸಾಲೆಯಲ್ಲಿ ಬಹಳ ಹೊತ್ತು ಬೇಯಿಸುವ ನಮ್ಮ ಅಡಿಗೆಗೆ ಬೇಕಾದುವು ಮೂರೇ ಭಾಗಗಳು. ಹೆಗಲಿನ ‘ಚಕ್’, ಎದೆಯ ‘ಬ್ರಿಸ್ಕೆಟ್’, ಈ ಹೆಸರು ಎರಡು ದೇಶಗಳಲ್ಲಿಯೂ ಒಂದೇ, ಕಾಲಿನ ನಳಿಯ ಭಾಗ. ಈ ಕಡೆಯದು ಇಂಗ್ಲೆಂಡಿನಲ್ಲಿ ‘ಶಿನ್’, ಅಮೆರಿಕಾದಲ್ಲಿ ‘ಶ್ಯಾಂಕ್’, ಆಸ್ಟ್ರೇಲಿಯಾದಲ್ಲಿ ಎಷ್ಟೋ ಕಡೆ ‘ಗ್ರೇವಿ ಬೀಫ್’, ಜರ್ಮನಿಯಲ್ಲಿ ಮೂಳೆಸಹಿತ ಅಡ್ಡ ಕೊಯ್ದಾಗ ‘ಬೈನ್‌ಶೈಬೆ’. ಕುರಿಯಲ್ಲಿ ಹೇಗೋ ದನದಲ್ಲಿಯೂ ಹಾಗೆಯೇ: ದುಡಿದ ಸ್ನಾಯು ಸಾರಿಗೆ, ದುಡಿಯದ ಸ್ನಾಯು ಕೆಂಡಕ್ಕೆ.

ಕೊಡಗಿನ ಮನೆಗಳವರು ಪಂದಿಕರಿಗೆ ಮಾಂಸ ಹುಡುಕುವಾಗಲೂ ಹೆಸರು ದಾರಿ ತಪ್ಪಿಸುವುದುಂಟು. ಅಮೆರಿಕಾದಲ್ಲಿ ‘ಬಾಸ್ಟನ್ ಬಟ್’ ಎಂದು ಕರೆಯುವ ಹಂದಿಯ ಮಾಂಸವು ಹೆಸರಿನ ಅರ್ಥದಂತೆ ಹಿಂಭಾಗದ್ದಲ್ಲ. ಮುಂಗಾಲಿನ ಮೇಲಣ ಹೆಗಲಿನದು. ಮಾಂಸಕ್ಕೆ ಅದು, ಕೊಬ್ಬಿಗೂ ಚರ್ಮಕ್ಕೂ ಹೊಟ್ಟೆಯ ಭಾಗವಾದ ‘ಬೆಲ್ಲಿ’. ಇವೆರಡನ್ನು ಕೂಡಿಸಿದರೆ ಪಂದಿಕರಿಗೆ ಒಪ್ಪುವ ಮಾಂಸವಾಗುವುದು. ಕಾಚಂಪುಳಿಯನ್ನು ಮಾತ್ರ ಊರಿನಿಂದಲೇ ಕೊಂಡೊಯ್ಯಬೇಕು.

ಕೆಲವು ಅಂಗಗಳು ಎಷ್ಟು ಹುಡುಕಿದರೂ ದೊರೆಯವು. ಅಮೆರಿಕಾದಲ್ಲಿ ಪಶುಗಳ ಶ್ವಾಸಕೋಶವನ್ನು ಮನುಷ್ಯರ ಆಹಾರವಾಗಿ ಮಾರುವುದನ್ನು 1971ರಲ್ಲಿಯೇ ನಿಷೇಧಿಸಿದ್ದಾರೆ. ಯೂರೋಪಿನ ಒಕ್ಕೂಟದ ದೇಶಗಳಲ್ಲಿ 12 ತಿಂಗಳು ಮೀರಿದ ಕುರಿ ಮೇಕೆಗಳ ತಲೆಬುರುಡೆ, ಮಿದುಳು, ಬೆನ್ನುಹುರಿಗಳನ್ನು ಆಹಾರಕ್ಕೆ ಬಿಡುವುದಿಲ್ಲ; 1986ರಲ್ಲಿ ಇಂಗ್ಲೆಂಡಿನ ದನಗಳಲ್ಲಿ ಮೊದಲು ಗುರುತಿಸಲ್ಪಟ್ಟ ಮಿದುಳಿನ ರೋಗದ ತರುವಾಯ ಬಂದ ಕಟ್ಟುಪಾಡುಗಳಲ್ಲಿ ಇದೂ ಒಂದು. ಆದುದರಿಂದ ತಲೆಮಾಂಸದ ಸಾರನ್ನು ಬಯಸುವವರು ಊರಿಗೆ ಬಂದಾಗ ಉಣ್ಣುವುದೇ ಸರಿ. ಅಂಗಡಿಯವನ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ.

ಅಂಗಡಿಯಲ್ಲಿ ನಡೆದುಕೊಳ್ಳುವ ರೀತಿಯ ವಿಷಯವಾಗಿ ಎರಡು ಮಾತು. ಪೊಟ್ಟಣ ಮಾರುವ ದೊಡ್ಡ ಮಳಿಗೆಗಿಂತ ಕತ್ತಿ ಹಿಡಿದು ಕೊಯ್ದುಕೊಡುವವನ ಸಣ್ಣ ಅಂಗಡಿಯನ್ನು ಹುಡುಕಿಕೊಳ್ಳಿರಿ. ಸಂದಣಿಯಿಲ್ಲದ ಹೊತ್ತಿನಲ್ಲಿ ಹೋಗಿ, ತುಂಡಿನ ಹೆಸರನ್ನು ಹೇಳದೆ ಅಡಿಗೆಯ ವಿಷಯ ಹೇಳಿರಿ: ನೀರಿನಲ್ಲಿ ಒಂದೂವರೆ ಗಂಟೆ ಬೇಯತಕ್ಕ ಸಾರು, ಮೂಳೆ ಬೇಕು, ತುಂಡು ಎರಡು ಅಂಗುಲಕ್ಕೆ ಮೀರಬಾರದು. ಮಾತು ಸಾಲದಿದ್ದರೆ ಸ್ವಂತ ಹೆಗಲನ್ನೂ ಕತ್ತನ್ನೂ ಮುಟ್ಟಿ ತೋರಿಸಿದರೂ ನಾಚಿಕೆಯಿಲ್ಲ; ಆ ಕಸುಬಿನವರಿಗೆ ಅದು ಎಲ್ಲ ಭಾಷೆಗಿಂತಲೂ ಚೆನ್ನಾಗಿ ತಿಳಿಯುವುದು. ಒಲೆಯ ಮುಂದೆಯೂ ಒಂದು ಎಚ್ಚರ ಬೇಕು. ಎಳೆಯ ಲ್ಯಾಂಬ್ ನಮ್ಮ ಮೇಕೆಗಿಂತ ಬೇಗ ಬೇಯುವುದರಿಂದ ಊರಿನಲ್ಲಿ ಎಣಿಸುತ್ತಿದ್ದ ಸೀಟಿಗಳ ಲೆಕ್ಕವನ್ನು ಅಲ್ಲಿಗೆ ಕೊಂಡೊಯ್ಯಬಾರದು. ಲೆಕ್ಕಕ್ಕೆ ಎರಡು ಸೀಟಿ ಮೊದಲೇ ಇಳಿಸಿ, ಮುಚ್ಚಳ ತೆಗೆದು, ಚಮಚದ ಅಂಚಿನಿಂದ ಒತ್ತಿ ನೋಡಿ, ಬೇಕಾದರೆ ಮತ್ತೆ ಏರಿಸಿರಿ. ಬೇಯದ್ದನ್ನು ಬೇಯಿಸಬಹುದು; ಮಿತಿಮೀರಿ ಬೆಂದದ್ದನ್ನು ಹಿಂದಕ್ಕೆ ತರಲಾಗದು.

ಕಡೆಯದಾಗಿ, ಇಲ್ಲಿಯೇ ಇರುವ ತಂದೆತಾಯಿಗಳಿಗೆ ನಮ್ಮದೊಂದು ಸೂಚನೆ. ಮಗನನ್ನೋ ಮಗಳನ್ನೋ ಪರದೇಶಕ್ಕೆ ಕಳುಹಿಸುವಾಗ ಸಾರಿನ ಪುಡಿಯನ್ನು ಡಬ್ಬಿಗೆ ತುಂಬಿ ಕೊಡುತ್ತೀರಿ, ಅಳತೆಯನ್ನು ಬರೆದುಕೊಡುತ್ತೀರಿ. ಅದಕ್ಕೆ ಮೊದಲು ಒಂದು ಭಾನುವಾರ ಅವರನ್ನು ನಿಮ್ಮ ಬೀದಿಯ ಮಾಂಸದಂಗಡಿಗೆ ಕರೆದುಕೊಂಡು ಹೋಗಿರಿ. ಗಂಡಹೆಂಡಿರಿಬ್ಬರೂ ಹೋಗುವುದು ಇನ್ನೂ ಒಳ್ಳೆಯದು. ಇದು ಹೆಗಲು, ಇದು ಕತ್ತು, ಇದು ಎದೆ, ಇದು ನಳಿ ಎಂದು ಅಂಗಡಿಯವನಿಂದಲೇ ತೋರಿಸಿರಿ. ಮನೆಗೆ ಬಂದ ಮೇಲೆ ಬೇಯಿಸುವ ಮುಂಚೆ ಒಂದೊಂದು ತುಂಡನ್ನೂ ಅವರ ಕೈಗೆ ಕೊಟ್ಟು ಗುರುತು ಹೇಳಿಸಿರಿ. ಈಗಾಗಲೇ ಹೋದವರಿಗೆ ಇವನ್ನು ಸರಳವಾದ ಕನ್ನಡದಲ್ಲಿ ಬರೆದು ಕಳುಹಿಸಿರಿ. ಬಸವೇಶ್ವರನಗರದ ನಮ್ಮ ಸೋದರಿಗೂ ನಮ್ಮ ಉತ್ತರ ಇದೇ. ಮಸಾಲೆಯ ಗುಟ್ಟನ್ನು ತಾಯಂದಿರು ತಲೆಮಾರುಗಳಿಂದ ಕೈದಾಟಿಸಿಕೊಂಡು ಬಂದಿದ್ದಾರೆ. ತುಂಡಿನ ಗುರುತನ್ನು ಯಾರೂ ಯಾರಿಗೂ ದಾಟಿಸಲಿಲ್ಲ, ದಾಟಿಸಬೇಕಾದ ಸಂದರ್ಭವೂ ಒದಗಿರಲಿಲ್ಲ. ಮಕ್ಕಳು ಸಮುದ್ರ ದಾಟುವ ಈ ಕಾಲದಲ್ಲಿ ಅದನ್ನೂ ಅವರ ಕೈಗಿಡುವುದು ಹಿರಿಯರ ಕರ್ತವ್ಯವಾಗಿದೆ.